ಓನರಿಗೆ ಅಮ್ಮನ ಹಾರೈಕೆ

ಜನವರಿ 1, ರಾತ್ರಿ

ಅಲ್ಲ ಫೋರ್‌ಮನ್ ಸಾಹೇಬ್ರೆ, ಮೂವತ್ತು ಶಾಫ್ಟ್ ಹಾಳಾಗಿದ್ದು ನನ್ನ ಕೈಯಲ್ಲೇ, ಒಪ್ಪಿದೆ. ತಪ್ಪು ಅಳತೆ ಬರೆದುಕೊಟ್ಟವರು ಯಾರು? ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತಿದ್ದವನು ನಾನು, ಅದಕ್ಕೇ ಕೆಲಸದಿಂದ ತೆಗೆದಿರಿ.

ಮನೆಯಲ್ಲಿ ಚಳಿಗಾಲದ ರಜೆ ಅಂದುಬಿಟ್ಟೆ. ಅಕ್ಕ, ಅವಳ ಮಕ್ಕಳೂ ರಜೆಗೆ ಬಂದಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹತ್ತು ದಿನದಲ್ಲಿ ಕದ್ದುಮುಚ್ಚಿ ಐದು ವರ್ಕ್‌ಶಾಪ್ ಅಲೆದೆ, ಎಲ್ಲೂ ಕೆಲಸವಿಲ್ಲ. ಊಟಕ್ಕೆ ಕೂತಾಗಲೆಲ್ಲ ಅಮ್ಮ ನಮ್ಮ ವರ್ಕ್‌ಶಾಪ್ ಓನರನ್ನು ಹರಸುತ್ತಾಳೆ. "ಆ ಪುಣ್ಯಾತ್ಮ ನೂರು ವರ್ಷ ಬಾಳ್ಲಿ ಕಣೋ, ನಿನ್ನನ್ನ ಮನೇಲಿ ಕೂರ್ಸಿದ್ದಾನೆ."

ಇವತ್ತು ಅಕ್ಕ, "ಹತ್ತು ದಿನ ರಜಾನಾ? ಇವನೇ ಓನರ್ ಇರ್ಬೇಕು ಬಿಡಮ್ಮ" ಅಂದಳು. ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. ಕೈ ತೊಳೆಯುವಾಗ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ನಾನೂ ಒಂದ್ಸಲ ಹಿಂಗೇ ರಜಾ ಹಾಕಿದ್ದೆ ಕಣೋ, ಎರಡು ತಿಂಗಳು. ನಿಮ್ಮಮ್ಮನಿಗೆ ನಿಜ ಹೇಳಿದ ದಿನ ನಿದ್ದೆ ಬಂತು."

ಇವತ್ತಿಗೆ ಎಲ್ಲರ ರಜೆ ಮುಗಿಯಿತು. ನಾಳೆ ಬೆಳಿಗ್ಗೆ ನನ್ನ ಡಬ್ಬಿಗೆ ಏನು ಹಾಕಲಿ ಅಂತ ಅಮ್ಮ ಅಡುಗೆಮನೆಯಿಂದ ಎರಡು ಸಲ ಕೇಳಿದಳು. ಇಲ್ಲಿಂದ ಕೂಗಿ ಹೇಳುವ ಮಾತಲ್ಲ ಇದು. ಮಕ್ಕಳು ಇದೇ ರೂಮಿನಲ್ಲಿ ಮಲಗಿವೆ. ಅವಕ್ಕೆ ಕೇಳಿಸದ ಹಾಗೆ ಬಾಗಿಲು ಹಾಕಿಕೊಂಡು ಅಮ್ಮನ ಹತ್ತಿರ ಹೋಗುತ್ತೇನೆ.