ಅಮ್ಮನ ಟವೆಲ್

ಮಿಡತೆ,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ನೀನು ಬರೋವರೆಗೂ ಪಕ್ಕದ ಮನೆ ಆಂಟಿ ಅಮ್ಮನ ಜೊತೆ ಇರ್ತಾರೆ, ಇವತ್ತಾದ್ರೂ ಬೇಗ ಬಾ. ಗಂಜಿ ಒಲೆ ಮೇಲಿದೆ. ಬೆವರಿನ ಬಟ್ಟೆ ಬಕೆಟ್‌ಗೆ ಹಾಕು, ನನ್ನ ಕುರ್ಚಿ ಮೇಲಲ್ಲ. ಎಷ್ಟು ಸಲ ಬಡ್ಕೋಬೇಕು?

ನೀನು ಓಡೋಕೆ ಹೋದಾಗೆಲ್ಲ ಅಮ್ಮ ಟವೆಲ್ ಹಿಡ್ಕೊಂಡು ಬಾಗಿಲಲ್ಲಿ ಕಾಯ್ತಾಳಲ್ಲ, ಈಗ ಇನ್ನೊಂದು ಶುರುವಾಗಿದೆ. ನೀನು ಬಂದು ಸ್ನಾನಕ್ಕೆ ಹೋಗೋಷ್ಟರಲ್ಲಿ ಬಂದಿದ್ದನ್ನೇ ಮರ್ತು ಮತ್ತೆ ಹೋಗಿ ಕೂರ್ತಾಳೆ. 'ಮಗು ಇನ್ನೂ ಬಂದಿಲ್ಲ' ಅಂತ ಊಟ ಮುಟ್ಟಲ್ಲ. ರೇಗಬೇಡ ಕಣೇ. ಶೂ ಹಾಕ್ಕೊಂಡು, ಹಿತ್ತಲಿಂದ ಸುತ್ತಿ, ಮುಂಬಾಗಿಲಿಗೆ ಓಡ್ಕೊಂಡು ಬಾ. ನಿನ್ನ ಮುಖ ಒರೆಸಿದ ಮೇಲೆ ತಾನಾಗೇ ತಿಂತಾಳೆ. ನೂರು ಕಿಲೋಮೀಟರ್ ಓಟಕ್ಕೆ ತಯಾರಾಗ್ತಿರೋಳಿಗೆ ಅದೊಂದು ಸುತ್ತು ಭಾರವಾಗಲ್ಲ.

ನಿನ್ನೆ ಭಾನುವಾರ ಮಧ್ಯಾಹ್ನ ದಾಟಿದ್ರೂ ನೀನು ಬರಲಿಲ್ಲ. ಅಮ್ಮ ಒಂದು ತುತ್ತಾದ್ರೂ ತಿನ್ನಲಿ ಅಂತ ನಾನೇ ನಿನ್ನ ಹಳೇ ಶೂ ಹಾಕ್ಕೊಂಡು, ಮುಖಕ್ಕೆ ನೀರು ಚಿಮುಕಿಸ್ಕೊಂಡು, ಬೀದಿ ತುದಿಯಿಂದ ಓಡಿ ಬಂದೆ. ಅಮ್ಮ ಟವೆಲ್ ಎದೆಗೆ ಅವಚಿಕೊಂಡು, "ಸ್ವಲ್ಪ ಸರಿದು ನಿಲ್ಲಮ್ಮ, ನನ್ನ ಮಗಳು ಬರೋ ದಾರಿ ಕಾಣ್ತಿಲ್ಲ" ಅಂದಳು.

ಅಕ್ಕ