ಯಾರ ಅಳು ಮೊದಲು

ಕುಮಾಸಿ, ಭಾನುವಾರ

ಮನೆತನದ ಹಿರಿಯರಾದ ಒಪಾನಿನ್ ಬಾದು ಅವರಿಗೆ ವಿಡಿಯೋ ಅಂಗಡಿಯ ಅಸಿಯಾಮಾನ ನಮಸ್ಕಾರ.

ನಿಮ್ಮ ಅಣ್ಣನವರ ಅಂತ್ಯಕ್ರಿಯೆಯ ವಿಡಿಯೋ ಇರುವ ಹಾರ್ಡ್ ಡಿಸ್ಕ್ ಕೈಕೊಡುವ ಹಾಗಿದೆ. ಅದರ ಆರೋಗ್ಯ ನೋಡುವ ಪ್ರೋಗ್ರಾಂ ಮೊದಲು ಹಸಿರು ತೋರಿಸುತ್ತಿತ್ತು, ಆಮೇಲೆ ಹಳದಿ, ಈಗ ಕೆಂಪು. ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಂಡರೆ ಮುಗಿಯಿತು. ಆದರೆ ಅಣ್ಣನವರ ಇಬ್ಬರು ಹೆಂಡತಿಯರಲ್ಲಿ ಯಾರ ಅಳು ವಿಡಿಯೋದಲ್ಲಿ ಮೊದಲು ಬರಬೇಕೆಂದು ತೀರ್ಮಾನವಾಗುವ ತನಕ ಒಂದು ಪ್ರತಿಯೂ ಕೂಡದೆಂದು ನೀವೇ ನನ್ನಿಂದ ಆಣೆ ಮಾಡಿಸಿದ್ದೀರಿ.

ನಿಮ್ಮ ದೊಡ್ಡ ಅತ್ತಿಗೆ ಸೆರ್ವಾ ಬಂದು, "ಅವಳನ್ನ ಮೊದ್ಲು ತೋರಿಸಿದ್ರೆ ನಿನ್ ಅಂಗಡಿ ಬಾಗ್ಲು ಮುಚ್ಚಿಸ್ತೀನಿ ನೋಡು" ಎಂದರು. ಚಿಕ್ಕವರಾದ ದುಫಿಯೆ, "ಡಿಸ್ಕು ಹೋದ್ರೆ ಹೋಗ್ಲಿ ಬಿಡಪ್ಪಾ, ಅವಳ ಮುಖ ನೋಡೋದಾದ್ರೂ ತಪ್ಪತ್ತೆ" ಎಂದರು. ನನಗೂ ಸಾಕಾಗಿದೆ.

ನಿನ್ನೆ ಡಿಸ್ಕ್ ಪರೀಕ್ಷಿಸುವಾಗ, ಇನ್ನೂ ತೆರೆಯುತ್ತಿರುವ ತುಣುಕೊಂದನ್ನು ನೋಡಿದೆ. ಪೆಟ್ಟಿಗೆಯನ್ನು ಮಣ್ಣಿಗಿಳಿಸುತ್ತಿದ್ದಾರೆ, ಅತ್ತಿಗೆಯರಿಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿಕೊಂಡು ಅಳುತ್ತಿದ್ದಾರೆ. ಕ್ಯಾಮೆರಾ ಹಿಡಿದಿದ್ದ ನಾನೇ ಅಂದು ಗಮನಿಸಿರಲಿಲ್ಲ. ಯಾರು ಮೊದಲು ಅತ್ತರೋ, ಎಷ್ಟು ಸಲ ನೋಡಿದರೂ ತಿಳಿಯಲಿಲ್ಲ.

ಅದೊಂದನ್ನಾದರೂ ಪ್ರತಿ ಮಾಡಿಕೊಳ್ಳಲು ಅಪ್ಪಣೆ ಕೊಡಿ.

ಇಂತಿ ನಿಮ್ಮವ,
ಅಸಿಯಾಮಾ