ಅತ್ತೆ ಹೇಳುವ ಕೊರಿಯಾದ ಕಥೆ

ಇಂಡಿ
14 ಜೂನ್ 2025, ಶನಿವಾರ

ಕೊಲೆಯಿಲ್ಲದ ಸೀರೀಸು ಸೀರೀಸೇ ಅಲ್ಲ ಎನ್ನುವ ನನ್ನ ಸಗೀರಾಗೆ, ಸುವರ್ಣಾಳ ಪ್ರೀತಿಯ ನೆನಪುಗಳು.

ಕಾಗದ ನೋಡಿ ಗಾಬರಿಯಾಗಬೇಡ. ಎಲ್ಲರೂ ಆರಾಮ ಇದ್ದೇವೆ. ಕೈಯಲ್ಲಿ ಫೋನ್ ಇದ್ದೂ ಪತ್ರ ಬರೆಯುವ ಪಾಳಿ ಯಾಕೆ ಬಂತೆಂದರೆ, ಮಂಗಳವಾರ ನೀನು ಹಾಕಿದ ಮೆಸೇಜನ್ನು ನನಗಿಂತ ಮೊದಲು ನಮ್ಮ ಓಣಿ ಓದಿತು. ಇದು ಉತ್ಪ್ರೇಕ್ಷೆಯಲ್ಲ, ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದಿತು. ನಾನು ಹೇಳುವವರೆಗೆ ದಯಮಾಡಿ ಇನ್ನೊಂದು ಮೆಸೇಜ್ ಹಾಕಬೇಡ. ನಮ್ಮವರು ಅಂಗಡಿಯ ಸಾಮಾನು ತರಲು ಸಿಂದಗಿಗೆ ಬರುತ್ತಿದ್ದಾರೆ, ಈ ಪತ್ರವನ್ನು ನಿಮ್ಮ ಔಷಧಿ ಅಂಗಡಿಯಲ್ಲಿ ನಿನ್ನ ಕೈಗೇ ಕೊಡುತ್ತಾರೆ. ಅವರಿಗೆ ಒಂದು ಕಪ್ ಚಹಾ ಕೊಡು. ಈ ವಾರ ಮನೆಯಲ್ಲಿ ಅವರ ಊಟ ಸರಿಯಾಗಿ ಆಗಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನೀನು ಹೋದ ತಿಂಗಳು ನೋಡು ನೋಡು ಎಂದು ಬೆನ್ನು ಬಿದ್ದಿದ್ದೆಯಲ್ಲ, ಆ ಕೊರಿಯಾದ ಪೊಲೀಸ್ ಸೀರೀಸು, ಅಲ್ಲಿಂದ ಶುರುವಾಯಿತು. ಅದಕ್ಕೂ ಮೊದಲು ನೀನು ಹೇಳಿದ್ದ ಆಸ್ಪತ್ರೆಯ ಸೀರೀಸು ನನಗೆ ಸೇರಲಿಲ್ಲ ಎಂದು ಈಗಲಾದರೂ ಹೇಳಿಬಿಡುತ್ತೇನೆ. ಆ ಡಾಕ್ಟರುಗಳು ರೋಗಿಯನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತುರ್ಕಿಯವರ ಸೀರೀಸಿನಲ್ಲಿ ಕುದುರೆಗಳು ಚೆನ್ನಾಗಿದ್ದವು, ಮನುಷ್ಯರು ಅಷ್ಟಕ್ಕಷ್ಟೆ. ಆದರೆ ಈ ಕೊರಿಯಾದ್ದು ಮೊದಲನೆಯ ಕಂತಿಗೇ ಹಿಡಿಯಿತು. ಮಂಜು ಬೀಳುವ ಊರು, ಒಬ್ಬೊಬ್ಬರಾಗಿ ಸಾಯುವ ಜನ, ಮೋಟುಗೂದಲಿನ ಆ ಲೇಡಿ ಇನ್ಸ್‌ಪೆಕ್ಟರ್! ಸಣ್ಣ ಪರದೆಯಲ್ಲಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ನಮ್ಮ ಟೀವಿಗೆ ನೆಟ್ ಇಲ್ಲ. ಹೀಗಾಗಿ ಮಧ್ಯಾಹ್ನ ಊಟವಾದ ಮೇಲೆ ಫೋನನ್ನೇ ಟೀವಿಗೆ ಜೋಡಿಸಿದೆ. ಫೋನಿನಲ್ಲಿ ಬಂದದ್ದೆಲ್ಲ ಗೋಡೆಯ ಮೇಲೆ ಕಾಣುತ್ತದೆ. ಎಲ್ಲವೂ ಕಾಣುತ್ತದೆ ಎನ್ನುವುದು ಆಗ ಹೊಳೆಯಲಿಲ್ಲ.

ಆ ಹೊತ್ತಿಗೆ ನಮ್ಮತ್ತೆ ರೇವವ್ವನ ಜೊತೆ ಎದುರುಮನೆ ಶೆಟ್ಟೆವ್ವ ಬಂದು ಕೂಡುತ್ತಾಳೆ. ಮೊರದಲ್ಲಿ ಮೆಣಸಿನಕಾಯಿ ತಂದು ತೊಟ್ಟು ಮುರಿಯುತ್ತಾಳೆ. ಅವತ್ತು ಕುಕ್ಕರ್ ಕೂಗಿತೆಂದು ನಾನು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಶೆಟ್ಟೆವ್ವನಿಗೆ ಕಥೆ ಹೇಳಲು ಶುರುಮಾಡಿಬಿಟ್ಟಿದ್ದರು. ಮಾತು ಕೊರಿಯಾದ್ದು, ಕೆಳಗೆ ಬರುವ ಅಕ್ಷರ ಇಂಗ್ಲಿಷಿನದು. ಅತ್ತೆಗೆ ಎರಡೂ ಬಾರದು. ಅದರಿಂದ ಅವರಿಗೆ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಟೀವಿಯಲ್ಲಿ ಪೊಲೀಸರು ಸತ್ತವರ ಮತ್ತು ಸಂಶಯವಿದ್ದವರ ಫೋಟೋಗಳನ್ನು ಗೋಡೆಗೆ ಹಚ್ಚಿ ಒಂದರಿಂದ ಒಂದಕ್ಕೆ ಕೆಂಪು ದಾರ ಎಳೆದಿದ್ದರು.

“ಸಂಬಂಧ ನೋಡಾಕತ್ತಾರ” ಎಂದರು ಅತ್ತೆ. “ದಾರ ಎಲ್ಲಿ ಮುಟ್ಟೈತಿ ನೋಡು, ಅಲ್ಲಿ ಮಾತುಕತಿ ಮುಗದೈತಿ.”

“ಈ ಮುದುಕಗ ಮೂರು ದಾರ ಅದಾವಲ್ಲಬೇ?” ಎಂದಳು ಶೆಟ್ಟೆವ್ವ.

“ಅಂವಗ ಆಸ್ತಿ ಭಾಳ ಐತಿ.”

ಆಮೇಲೆ ಶವಾಗಾರ ಬಂತು. ಬಿಳಿ ಬಟ್ಟೆ ಹೊದಿಸಿದ ಹೆಣ. ಥಂಡಿ ಊರು, ಬೆಚ್ಚಗೆ ಹೊಚ್ಚಿಕೊಂಡು ಮಲಗಿದ್ದಾಳೆ ಎಂದರು. ಲೇಡಿ ಇನ್ಸ್‌ಪೆಕ್ಟರ್ ನಮ್ಮತ್ತೆಯ ಕಥೆಯಲ್ಲಿ ಒಂದು ಮನೆಯ ಅತ್ತೆ. ಕೂದಲು ಹರಕೆಗೆ ಕೊಟ್ಟಿದ್ದಾಳಂತೆ. ನಾನು ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶೆಟ್ಟೆವ್ವನ ಕೈ ಕಡೆ ಕಣ್ಣು ಹೋಯಿತು. ಮೆಣಸಿನಕಾಯಿ ಹಿಡಿದ ಕೈ ಹಾಗೇ ನಿಂತಿತ್ತು. ಇಷ್ಟು ವರ್ಷದಲ್ಲಿ ಯಾವ ಧಾರಾವಾಹಿಗೂ ಅವಳ ಕೈ ನಿಂತದ್ದನ್ನು ನಾನು ಕಂಡಿಲ್ಲ. ತಿದ್ದುವುದು ಬಿಟ್ಟು ನಾನೂ ಕೇಳುತ್ತ ಕುಳಿತೆ.

ಮರುದಿನದಿಂದ ಓಣಿಯೇ ಬರತೊಡಗಿತು. ಮೂಲೆಮನೆಯ ಫಿರದೋಸ ಬಿ.ಎ. ಓದಿದವಳು, ಕೆಳಗಿನ ಇಂಗ್ಲಿಷು ಅವಳಿಗೆ ಪೂರಾ ತಿಳಿಯುತ್ತದೆ. ಅವಳು ನನ್ನ ಕಿವಿಯಲ್ಲಿ, “ಬರದಿದ್ದಕ್ಕಿಂತ ಅತ್ತಿ ಹೇಳೂದ ಛಲೋ ಐತಿ, ನಡೀಲಿ ಬಿಡ್ರಿ” ಎಂದಳು. ನಾನು ನಿನ್ನ ಸೀರೀಸನ್ನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಒಬ್ಬಳೇ ನೋಡಿ ಮುಗಿಸಿದೆ, ಮಧ್ಯಾಹ್ನ ಅತ್ತೆಯ ಸೀರೀಸನ್ನು ಎಲ್ಲರ ಜೊತೆ ನೋಡಿದೆ. ಯಾವುದು ಮೇಲು ಎಂದು ಕೇಳಬೇಡ, ನಿನಗೆ ಬೇಜಾರಾದೀತು.

ಇನ್ನು ನೌಕರಿಯ ವಿಷಯ. ಸಿಂದಗಿಯ ಶಾಲೆಯಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿದ್ದು ನಿನ್ನನ್ನೂ ನಮ್ಮವರನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾವು ಗಂಡಹೆಂಡತಿ ಸಿಂದಗಿಯಲ್ಲಿ ಮನೆ ಮಾಡುವುದು, ಅವರು ದಿನಾ ಬೈಕಿನ ಮೇಲೆ ಬಂದು ಇಲ್ಲಿಯ ಮೋಟಾರು ರಿಪೇರಿ ಅಂಗಡಿ ನಡೆಸುವುದು ಎಂದು ಮಾತಾಡಿಕೊಂಡಿದ್ದೆವು. ಮನೆಯೇನು ಬರಿದಾಗುವುದಿಲ್ಲ. ಭಾವ ಬೀರಣ್ಣ, ಅವರ ಹೆಂಡತಿ, ಮಕ್ಕಳು ಎಲ್ಲ ಇದ್ದಾರೆ. ಆದರೆ ಅತ್ತೆಗೆ ಹೇಳುವವರು ಯಾರು? ನಮ್ಮವರನ್ನು ಕೇಳಿದರೆ, “ನಾ ಎಂಥಾ ಮೋಟಾರ ಇದ್ರೂ ಬಿಚ್ಚತೇನಿ, ಅವ್ವನ ಮುಂದ ಬಾಯಿ ಬಿಚ್ಚಂಗಿಲ್ಲ. ನೀನ ಹೇಳು” ಎಂದರು. ನಾನು ಹೇಳಬೇಕೆಂದು ಹೊರಟ ದಿನವೇ ಗೌಂಡಿ ಬಂದ. ಬಗ್ಗಿ ಬಗ್ಗಿ ನನಗೆ ಸೊಂಟ ನೋಯುತ್ತದೆಂದು ಅತ್ತೆ ಯಾರಿಗೂ ಹೇಳದೆ ಗೌಂಡಿಯನ್ನು ಕರೆಸಿ, ಅಡುಗೆ ಕಟ್ಟೆಯನ್ನು ನನ್ನ ಎತ್ತರಕ್ಕೆ ಏರಿಸಿ ಕಟ್ಟಿಸಿದರು. ಈಗ ಅದರ ಮೇಲೆ ರೊಟ್ಟಿ ಬಡಿಯಲು ಅವರಿಗೇ ಮಣೆ ಹಾಕಿಕೊಂಡು ನಿಲ್ಲಬೇಕು. ಅಂಥವರಿಗೆ ನಾ ಬ್ಯಾರೆ ಮನಿ ಮಾಡತೇನ್ರಿ ಎಂದು ಯಾವ ಬಾಯಿಂದ ಹೇಳಲಿ? ಇವತ್ತು ನಾಳೆ ಎಂದು ತಳ್ಳಿದೆ.

ಮಂಗಳವಾರ ಟೀವಿಯಲ್ಲಿ ನೀನು ಬಂದೆ. ಹಾಲ್ ತುಂಬ ಹೆಂಗಸರು. ಟೀವಿಯಲ್ಲಿ ಲೇಡಿ ಇನ್ಸ್‌ಪೆಕ್ಟರ್ ಕಿಟಕಿಯ ಹತ್ತಿರ ಒಬ್ಬಳೇ ನಿಂತು ಹೊರಗೆ ನೋಡುತ್ತಿದ್ದಳು. ಟಣ್ ಎಂದಿತು. ಪರದೆಯ ನೆತ್ತಿಯ ಮೇಲೆ ಇಷ್ಟಿಷ್ಟು ದೊಡ್ಡ ಕನ್ನಡ ಅಕ್ಷರ.

ಶೆಟ್ಟೆವ್ವ ದೊಡ್ಡವಳಾದ ಮೇಲೆ ಓದಲು ಕಲಿತವಳು. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಏನು ಕಂಡರೂ ಬಿಡುವುದಿಲ್ಲ. ಇಷ್ಟು ದಿನದಿಂದ ಈ ಸೀರೀಸಿನಲ್ಲಿ ಒಂದಕ್ಷರವೂ ತಿಳಿಯದೆ ಅವಳಿಗೆ ಚಡಪಡಿಕೆ ಇತ್ತೆಂದು ಕಾಣುತ್ತದೆ. ಹಿಗ್ಗಿ ಎದ್ದು ನಿಂತು ಬೆರಳಿಟ್ಟು ಓದಿದಳು: “ಸ... ಗೀ... ರಾ. ಮನಿ ಸಿಕ್ಕೈತಿ. ಬಾಡಿಗಿನೂ ಕಡಿಮಿ. ನಿಮ್ಮ ಅತ್ತಿಗೆ ಇನ್ನಾ ಹೇಳಿಲ್ಲೇನ?”

ಕೈಯಲ್ಲಿ ಚಹಾದ ತಟ್ಟೆ ಹಿಡಿದುಕೊಂಡಿದ್ದೆ. ಟೀವಿಗೆ ಅಡ್ಡ ನಿಲ್ಲಬೇಕೆನ್ನುವಷ್ಟರಲ್ಲಿ ಓದಿ ಮುಗಿದಿತ್ತು. ಫಿರದೋಸ ದುಪಟ್ಟಾದ ಅಂಚನ್ನು ಬಾಯಿಗೆ ತುರುಕಿಕೊಂಡಳು. ಅತ್ತೆಗೆ ನೀನು ಗೊತ್ತು, ನಮ್ಮ ಮದುವೆಯಲ್ಲಿ ನಿನ್ನ ಕೈಯಿಂದಲೇ ಮೆಹಂದಿ ಹಾಕಿಸಿಕೊಂಡವರು. ಅವರು ನನ್ನನ್ನು ನೋಡಿದರು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೆ. ಆಮೇಲೆ ಟೀವಿಯ ಕಡೆ ತಿರುಗಿ ಅದೇ ದನಿಯಲ್ಲಿ ಹೇಳಿದರು:

“ಸಗೀರಾ ಅಂದ್ರ ಆ ಮನಿ ಸೊಸಿ ಗೆಳತಿ. ಸೊಸಿ ಬ್ಯಾರೆ ಮನಿ ನೋಡಾಕತ್ತಾಳ. ಅತ್ತಿಗೆ ಗೊತ್ತಿಲ್ಲ.”

“ಕೊರಿಯಾದಾಗೂ ಸಗೀರಾ ಅಂತ ಹೆಸರು ಇರ್ತಾವೇನ?” ಎಂದಳು ಶೆಟ್ಟೆವ್ವ.

“ಯಾಕ ಇರಬಾರದು?” ಎಂದರು ಅತ್ತೆ.

ನನ್ನ ಮಾನ ಉಳಿಯಿತು, ಸಗೀರಾ. ಆದರೆ ಆವತ್ತು ಸಂಜೆ ಅತ್ತೆ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಎದ್ದು ಹೋದರು.

ಬುಧವಾರ ಗೊತ್ತಾಯಿತು, ಅವರು ಕೇಳುವುದೆಲ್ಲ ಟೀವಿಯ ಮುಂದೆಯೇ ಎಂದು. ಇನ್ಸ್‌ಪೆಕ್ಟರ್ ಒಬ್ಬ ಗಂಡಸನ್ನು ಕೂಡಿಸಿಕೊಂಡು, ನೆತ್ತಿಯ ಮೇಲೆ ಬಲ್ಬು ಹಚ್ಚಿ, ಟೇಬಲ್ ಗುದ್ದಿ ವಿಚಾರಣೆ ಮಾಡುವ ಭಾಗ ನಿನಗೆ ನೆನಪಿದೆಯಲ್ಲ?

“ಅತ್ತಿ ಮಗನ್ನ ಕೇಳಾಕತ್ತಾಳ” ಎಂದರು. “ಅಕಿ ಹೇಳಲಿಲ್ಲ, ಹೋಗಲಿ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಂವ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂತಿದ್ದಿಯಲ್ಲ?”

“ಅಳಾಕತ್ತಾನ ನೋಡ್ರಿ, ಹೇಡಿ” ಎಂದರು ಯಾರೋ.

ಸರಿಯಾಗಿ ಆಗಲೇ ನಮ್ಮವರು ಅಂಗಡಿಯಿಂದ ತಡವಾಗಿ ಊಟಕ್ಕೆಂದು ಬಾಗಿಲಿಗೆ ಬಂದರು. ಒಂದು ನಿಮಿಷ ನಿಂತು ಕೇಳಿದರು. ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಅಂಗಡಿಗೆ ತಿರುಗಿ ಹೋದರು. ಆವತ್ತಿನಿಂದ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಭಜಿ ತಿನ್ನುತ್ತಿದ್ದಾರೆ.

ಹೆಂಗಸರು ಆ ಕೊರಿಯಾದ ಸೊಸೆಯನ್ನು ಬೈದದ್ದು ಅಷ್ಟಿಷ್ಟಲ್ಲ. ಅವಳಿಗೆ ಸೊಕ್ಕಂತೆ. ಓದಿದ ಹುಡುಗಿಯರ ಹಣೆಬರಹವೇ ಇಷ್ಟಂತೆ. ನಾನು ಅವರಿಗೆಲ್ಲ ಚಹಾ ಕೊಡುತ್ತಿದ್ದೆ. ಶೆಟ್ಟೆವ್ವ ಕಪ್ಪು ತೆಗೆದುಕೊಳ್ಳುತ್ತ, “ನಮ್ಮ ಸುವರ್ಣಾನ್ನ ನೋಡಿ ಕಲೀಬೇಕು ಅಂಥಾಕಿ” ಎಂದಳು. ಅತ್ತೆ ಕೆಮ್ಮಿದರು.

ಗುರುವಾರ ನನಗೆ ತಡೆಯಲಾಗಲಿಲ್ಲ. ಸೇತುವೆಯ ಮೇಲೆ ಒಬ್ಬ ಓಡುತ್ತಿದ್ದ, ಹಿಂದೆ ಪೊಲೀಸರು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ತಟ್ಟೆ ಕೆಳಗಿಟ್ಟು, “ಅತ್ತೀ, ಈ ಭಾಗ ನಾ ಹೇಳತೇನ್ರಿ” ಎಂದೆ. ಎಲ್ಲರೂ ತಿರುಗಿ ನೋಡಿದರು. ಅತ್ತೆ ಹೇಳು ಎನ್ನುವಂತೆ ಗದ್ದ ಎತ್ತಿದರು.

“ಆ ಸೊಸಿ ಅತ್ತಿ ಮ್ಯಾಲಿನ ಸಿಟ್ಟಿಗೆ ಹೊಂಟಿಲ್ರಿ” ಎಂದೆ. “ಅಕಿಗೆ ಬ್ಯಾರೆ ಊರಾಗ ಸಾಲಿ ಕಲಿಸೂ ನೌಕರಿ ಸಿಕ್ಕೈತಿ. ಹೇಳಬೇಕಂತ ಮನಸ ಮಾಡಿದ್ಲು. ಅವತ್ತ ಅವರತ್ತಿ ಅಕಿ ಸೊಂಟ ನೋಯ್ತೈತಿ ಅಂತ ಅಡಿಗಿ ಕಟ್ಟಿ ಏರಿಸಿ ಕಟ್ಟಿಸಿದ್ರು. ಅದರ ಸಿಮೆಂಟ ಇನ್ನಾ ಹಸಿ ಐತ್ರಿ. ಅದನ್ನ ನೋಡಕೋತ ಅಕಿ ಹೆಂಗ ಹೇಳಬೇಕ್ರಿ? ತಪ್ಪಾಗೈತಿ ಅಂತ ಗೊತ್ತೈತಿ ಅಕಿಗೆ. ದಿನಾ ಅಳತಾಳ.”

ದಿನಾ ಅಳುತ್ತೇನೆ ಎಂದದ್ದು ಸ್ವಲ್ಪ ಜಾಸ್ತಿಯಾಯಿತು. ಆದರೆ ಹೇಳುವ ಹೊತ್ತಿಗೆ ನಿಜವಾಗಿಯೇ ಅಳು ಬಂತು. ಟೀವಿಯಲ್ಲಿ ಓಡುತ್ತಿದ್ದವನು ಹೊಳೆಗೆ ಹಾರಿಯೂ ಆಗಿತ್ತು. ಯಾರೂ ಅವನನ್ನು ನೋಡಲಿಲ್ಲ. ಶೆಟ್ಟೆವ್ವ ಮಾತ್ರ ಕತ್ತು ಉದ್ದ ಮಾಡಿ ನಮ್ಮ ಅಡುಗೆಮನೆಯೊಳಗೆ ಇಣುಕಿದಳು. ಕಟ್ಟೆ ಕಂಡಿತು. ಮತ್ತೆ ನನ್ನನ್ನು ನೋಡಿದಳು.

“ರೇವವ್ವಾ, ಇದು ಕೊರಿಯಾದ್ದ ಹೌದೋ ಅಲ್ಲೋ?”

“ನೀ ಸುಮ್ನ ನೋಡಬೇ” ಎಂದರು ಅತ್ತೆ. “ಛಲೋ ಭಾಗ ಬಂದೈತಿ.”

“ಹಂಗಾರ ಅತ್ತಿ ಏನಂದ್ಲು ಹೇಳು.”

ಎಲ್ಲರೂ ಅತ್ತೆಯ ಬಾಯಿ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

“ಅತ್ತಿ ಏನಂತಾಳ? ಹೋಗವ್ವಾ, ಸಾಲಿ ಕಲಿಸು ಅಂದ್ಲು. ನೀ ಹೋಗತಿ ಅನ್ನೂದಕ್ಕ ನನಗ ಸಿಟ್ಟಿಲ್ಲ. ಓಣಿ ಮಂದಿ ಕೂಡ ಕುಂತು ಕೇಳಬೇಕಾತಲ್ಲ, ಸಿಟ್ಟು ಅದಕ್ಕ ಬಂತು ಅಂದ್ಲು. ಇನ್ನ ಮ್ಯಾಲೆ ಏನಿದ್ರೂ ಮೊದಲ ನನ್ನ ಮುಂದ ಹೇಳು ಅಂದ್ಲು.” “ಮಗನ್ನೂ ಕರಕೊಂಡು ಹೋಗು, ಇಲ್ಲೇ ಬಿಟ್ಟು ಹೋಗಬ್ಯಾಡ ಅಂದ್ಲು” ಎಂದು ಸೇರಿಸಿದರು.

ಹೆಂಗಸರೆಲ್ಲ ನಕ್ಕರು. ಅಲ್ಲಿಯವರೆಗೆ ಸೊಸೆಯನ್ನು ಬೈದವರೇ, ಪಾಪ, ಒಳ್ಳೆಯ ಹುಡುಗಿ, ಮಾತು ಬಾರದು ಅಷ್ಟೆ ಎಂದು ಎದ್ದು ಹೋದರು. ಓಣಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಶುಕ್ರವಾರ ಶೆಟ್ಟೆವ್ವ ಸಿಂದಗಿಯ ಮನೆಗೆ ಇರಲಿ ಎಂದು ಒಂದು ಡಬ್ಬಿ ಖಾರದಪುಡಿ ತಂದುಕೊಟ್ಟಳು. ಅದರಿಂದ ನೀನೇ ಲೆಕ್ಕ ಹಾಕು.

ಗುರುವಾರ ಎಲ್ಲರೂ ಹೋದ ಮೇಲೆ ನಾನು ಟೀವಿ ಆರಿಸಿ ಅಡುಗೆಮನೆಗೆ ಹೋದೆ. ಅತ್ತೆ ಹಿಂದೆಯೇ ಬಂದರು. ಇಬ್ಬರ ನಡುವೆ ಈಗ ಕೊರಿಯಾ ಇರಲಿಲ್ಲ. ಅವರು ಕಟ್ಟೆಯ ಮೇಲೆ ಕೈಯಾಡಿಸುತ್ತ ನಿಂತು, “ಆ ಮನಿಯಾಗ ನೀರು ಬರ್ತೈತೇನ?” ಎಂದು ಕೇಳಿದರು. ಗೊತ್ತಿಲ್ಲರೀ ಎಂದೆ. “ನೀರು ಕೇಳದ ಮನಿ ಹಿಡೀತಾರೇನ?” ಎಂದು ಈಗ ನಿಜವಾಗಿ ಬೈದರು. ಆ ಬೈಗುಳ ಕೇಳಿ ನನ್ನ ಎದೆಯ ಭಾರ ಇಳಿಯಿತು.

ಆದ್ದರಿಂದ ಈಗ ನಿನ್ನ ಕೆಲಸ ಹೇಳುತ್ತೇನೆ. ನಳದಲ್ಲಿ ದಿನಾ ನೀರು ಬರುತ್ತದೋ ಇಲ್ಲವೋ ಕೇಳು. ಮುಂಗಡ ಕೊಡುವ ಮೊದಲು ಅತ್ತೆಯೇ ಬಂದು ನೋಡುತ್ತಾರಂತೆ. ಶಾಲೆಯವರು ಈ ಸೋಮವಾರವೇ ಸೇರು ಎಂದಿದ್ದರು. ಮನೆ ಸಾಗಿಸುವ ಕೆಲಸ ಬಹಳ ಇದೆಯೆಂದು ಹೇಳಿ ಇನ್ನೊಂದು ವಾರ ಕೇಳಿಕೊಂಡಿದ್ದೇನೆ.

ಇನ್ನೊಂದು ಸೀರೀಸಿನ ಹೆಸರೂ ಬರೆದು ಕಳಿಸು. ಅಡುಗೆ ಸ್ಪರ್ಧೆಯದು ಬೇಡ. ಒಂದು ಹಾಕಿ ತೋರಿಸಿದ್ದೆ. ಅಷ್ಟು ದೊಡ್ಡ ತಾಟಿನಲ್ಲಿ ಇಷ್ಟೇ ಇಷ್ಟು ಬಡಿಸುವವರು ಬೀಗರನ್ನು ಹೇಗೆ ಸುಧಾರಿಸುತ್ತಾರೆ ಎಂದು ಅತ್ತೆ ಬೇಸರ ಮಾಡಿಕೊಂಡರು. ಅವರ ಪ್ರಕಾರ ಒಳ್ಳೆಯ ಸೀರೀಸೆಂದರೆ ಜನ ಬಹಳ ಇರಬೇಕು, ಅಳುವವರು ಇರಬೇಕು, ಮಾತು ಮಾತ್ರ ಒಂದೂ ತಿಳಿಯಬಾರದು.

ನಿಮ್ಮವರಿಗೆ, ಅಯೂಬ ಅಣ್ಣನವರಿಗೆ, ನಮಸ್ಕಾರ ಹೇಳು. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಆ ಮೆಸೇಜ್ ಹಾಕದಿದ್ದರೆ ನಾನು ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ.

ಬಾಡಿಗೆ ಮನೆಯ ಬೀಗದಕೈಗೆ ಕಾಯುತ್ತಿರುವ,
ನಿನ್ನ ಸುವರ್ಣಾ

ಬರೆಯಲು ನಾಚಿ ಬಿಟ್ಟಿದ್ದ ಒಂದು ಮಾತು: ಮನೆ ಸಾಗಿಸುವುದು ಒಂದು ದಿನದ ಕೆಲಸ. ಎರಡು ಪೆಟ್ಟಿಗೆ, ಒಂದು ಮಂಚ. ವಾರ ಕೇಳಿದ್ದು ಅದಕ್ಕಲ್ಲ. ಪೊಲೀಸ್ ಸೀರೀಸಿನಲ್ಲಿ ಕನ್ನಡಕ ಹಾಕಿಕೊಂಡ ಆ ಹಲ್ಲಿನ ಡಾಕ್ಟರ್ ಇದ್ದಾನಲ್ಲ, ಅವನಿಗೆ ಬೇಡಿ ಹಾಕುವ ಕಂತು ಬರುವ ಗುರುವಾರ ಬರುತ್ತದೆ. ಅತ್ತೆಯ ಕಥೆಯಲ್ಲಿ ಅವತ್ತು ಅವನ ಲಗ್ನ. ಶೆಟ್ಟೆವ್ವ ಮದುಮಕ್ಕಳ ಮೇಲೆ ಹಾಕಲು ಅಕ್ಕಿಕಾಳು ತರುತ್ತೇನೆ ಎಂದಿದ್ದಾಳೆ, ಫಿರದೋಸ ಶೀರಾ ಮಾಡುತ್ತಾಳೆ. ಅದನ್ನು ಬಿಟ್ಟು ನಾನು ಹೇಗೆ ಬರಲಿ? ನೀನೂ ಅಂಗಡಿಗೆ ರಜೆ ಹಾಕಿ ಬಂದುಬಿಡು. ಆದರೆ ಅವನೇ ಕೊಲೆಗಾರ ಎಂದು ಇಲ್ಲಿ ಬಾಯಿಬಿಟ್ಟೀಯ, ಜೋಕೆ. ಹುಡುಗ ಒಳ್ಳೆಯ ಮನೆತನದವನೆಂದು ಓಣಿಯೆಲ್ಲ ಒಪ್ಪಿಯಾಗಿದೆ.